ಸೋಮಾರಿಗಳ ವಚನ

ಪುತ್ತೂರಿನಿಂದ ನರಿಮೊಗರಿಗೆ ಹೋಗುವ ದಾರಿಯಲ್ಲಿದ್ದ ಮನುವೇಲ ಉಪದೇಶಿಗಳ ಮನೆಯಲ್ಲಿ ವಚನ ಹೇಳದೆ ಯಾರೂ ಸಂಜೆಯ ಅನ್ನ ಉಂಡದ್ದಿಲ್ಲ. ಏಳು ಗಂಟೆಗೆ ಅಡುಗೆಮನೆಯಲ್ಲಿ ಚಾಪೆ ಹಾಸಬೇಕು. ಎಲ್ಲರ ಎದುರೂ ಖಾಲಿ ಬಟ್ಟಲು. ಅನ್ನದ ಪಾತ್ರೆ ಉಪದೇಶಿಗಳ ಬಲಕ್ಕೆ, ಅದರ ಬಾಯಿಗೆ ಅಡ್ಡವಾಗಿ ಮರದ ಸಟ್ಟುಗ. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರಾಗಿ ವೇದಪುಸ್ತಕದ ಒಂದೊಂದು ವಚನವನ್ನು ಬಾಯಿಪಾಠ ಹೇಳಬೇಕು. ತಪ್ಪಿಲ್ಲದೆ ಹೇಳಿದವರ ಬಟ್ಟಲಿಗೆ ಅನ್ನ ಬೀಳುತ್ತದೆ. ತಪ್ಪಿದವರನ್ನು ಸಟ್ಟುಗ ದಾಟಿ ಮುಂದೆ ಹೋಗುತ್ತದೆ. ಆ ದಿನ ಮತ್ತೆ ಹಿಂದೆ ಬರುವುದಿಲ್ಲ.

ಲೂದ್ಯ ಸುಳ್ಯದಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ಐವತ್ತೇಳನೆಯ ಇಸವಿಯಲ್ಲಿ. ಮೊದಲ ಸಂಜೆ ಯಾರೂ ಅವಳಿಗೆ ಪದ್ಧತಿಯ ವಿಷಯ ಹೇಳಿರಲಿಲ್ಲ. ಹೊಸ ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು, ಬಸ್ಸಿನ ಧೂಳು ಇನ್ನೂ ಕಾಲಲ್ಲಿರುವಾಗಲೇ ಬಂದು ಕೂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತನ್ನ ಸರದಿ ಬಂದಾಗ ಕಲಿತದ್ದೆಲ್ಲ ಮರೆತುಹೋಯಿತು. ಗೆಳೆಯನ ಸಮಾಧಿಯ ಹತ್ತಿರ ಯೇಸು ಅತ್ತ ಎಂದು ಹೇಳುವ ಆ ವಚನ ಮಾತ್ರ ನಾಲಗೆಗೆ ಬಂತು. ಇಡೀ ಪುಸ್ತಕದಲ್ಲಿ ಅಷ್ಟು ಚಿಕ್ಕದು ಇನ್ನೊಂದಿಲ್ಲ, ಎರಡೇ ಪದ. ಭಾನುವಾರದ ಶಾಲೆಯಲ್ಲಿ ಪಾಠ ಕಲಿಯದೆ ಬಂದ ಮಕ್ಕಳೆಲ್ಲ ಅದನ್ನೇ ಹೇಳಿ ಪಾರಾಗುವುದು.

ಮಾವ ಸಟ್ಟುಗ ಎತ್ತಲಿಲ್ಲ.

"ಆ ವಚನ ಈ ಮನೆಯಲ್ಲಿ ನಡೆಯುದಿಲ್ಲ. ಅದು ಸೋಮಾರಿಗಳ ವಚನ. ಬೇರೆ ಹೇಳು."

ಬೇರೆ ಬರಲಿಲ್ಲ. ಸಟ್ಟುಗ ಅವಳನ್ನು ದಾಟಿ ಹೋಯಿತು. ಪಕ್ಕದಲ್ಲಿ ಕೂತ ಹೊಸ ಗಂಡ ಸುಂದರ ತಲೆ ಎತ್ತದೆ ಉಂಡ. ಪಾತ್ರೆ ತೊಳೆಯುವಾಗ ಅತ್ತೆ ಅವಳ ಅಂಗೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟು, "ನಾಳೆಗೆ ಒಂದು ಕಲಿತು ಇಡು ಮಗ" ಎಂದರು.

ಲೂದ್ಯ ಒಂದಲ್ಲ, ಅಧ್ಯಾಯಗಟ್ಟಲೆ ಕಲಿತಳು. ಮೀನು ಕೊಯ್ಯುವಾಗ, ಬೀಡಿ ಕಟ್ಟುವಾಗ, ಬಾವಿಯಿಂದ ನೀರು ಸೇದುವಾಗ ಅವಳ ತುಟಿ ಅಲುಗುತ್ತಲೇ ಇರುತ್ತಿತ್ತು. ಆಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಂಜೆಯೂ ಅವಳ ಬಟ್ಟಲು ಖಾಲಿ ಉಳಿಯಲಿಲ್ಲ. ಅತ್ತೆ ತೀರಿಹೋದರು. ಮಗಳು ಊರ್ಮಿಳಾ ಮಾತು ಕಲಿಯುವಾಗಲೇ ವಚನವನ್ನೂ ಕಲಿತಳು. ಉಪದೇಶಿಗಳು ಕೆಲಸದಿಂದ ನಿವೃತ್ತರಾದರು, ಸಟ್ಟುಗದಿಂದ ಆಗಲಿಲ್ಲ.

ಅವರು ಸಣ್ಣ ಮನುಷ್ಯರೇನಲ್ಲ. ಮೂವತ್ತು ವರ್ಷ ತಲೆಯ ಮೇಲೆ ಪುಸ್ತಕದ ಪೆಟ್ಟಿಗೆ ಹೊತ್ತು ಕಡಬ, ಪಂಜ, ಸುಳ್ಯಗಳಿಗೆ ನಡೆದು ಹೋಗಿ ಸುವಾರ್ತೆ ಹೇಳಿದವರು. ಜನ ನಾಯಿ ಬಿಟ್ಟಿದ್ದರು, ಬೈದಿದ್ದರು; ಕೆಲವರು ಕೂರಿಸಿ ಎಳನೀರೂ ಕೊಟ್ಟಿದ್ದರು. ಎಲ್ಲ ಕಡೆಯೂ ಅವರು ಹೇಳಿದ್ದು ಒಂದೇ ಮಾತು: ಶಿಲುಬೆಗೆ ಹೋದವನು ಬರೀ ಮನುಷ್ಯನಲ್ಲ, ದೇವರೇ. ಆ ಮಾತಿಗಾಗಿ ಅವರ ಹಿಮ್ಮಡಿ ಒಡೆದಿತ್ತು. ಈಗ ಅದು ಅಲ್ಲ ಎಂದು ಹೇಳುವವನು ಅವರ ಸ್ವಂತ ಚಾಪೆಯ ಮೇಲೆಯೇ ಹುಟ್ಟಿಕೊಂಡ.

ಸುಂದರನಿಗೆ ಪುತ್ತೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ. ಎಪ್ಪತ್ತೊಂಬತ್ತರ ಅಕ್ಟೋಬರಿನಲ್ಲಿ ಹೊರ ಊರಿನ ಯಾರೋ ಒಂದು ಕರಪತ್ರ ಅಚ್ಚಿಗೆ ಕೊಟ್ಟು ಹೋದರು. ಯೇಸು ದೇವರು ಕಳುಹಿಸಿದ ಮನುಷ್ಯ, ದೇವರಲ್ಲ ಎಂದು ಹದಿನಾರು ಪುಟ. ಓದುವವನು ಪುಟ ಹಾರಿಸಬಹುದು. ಮೊಳೆ ಜೋಡಿಸುವವನು ಒಂದು ಕೊಂಬನ್ನೂ ಹಾರಿಸುವ ಹಾಗಿಲ್ಲ. ಹದಿನಾರು ಪುಟವನ್ನೂ ಅವನು ಅಕ್ಷರ ಅಕ್ಷರವಾಗಿ ಬೆರಳಲ್ಲಿ ಹಿಡಿದ.

ಆಮೇಲೆ ಸಂಜೆಯ ವಚನದಲ್ಲಿ ಒಂದು ಬದಲಾವಣೆ ಬಂತು. ಸೋಮವಾರ ಅವನು ಹೇಳಿದ್ದು ದೋಣಿಯಲ್ಲಿ ಯೇಸು ತಲೆದಿಂಬಿಟ್ಟು ಮಲಗಿದ ವಚನ. ಮಂಗಳವಾರ ಬಾವಿಕಟ್ಟೆಯಲ್ಲಿ ಹೆಂಗಸೊಬ್ಬಳ ಹತ್ತಿರ ನೀರು ಕೇಳಿದ್ದು. ಬುಧವಾರ ಹಸಿದು ಅಂಜೂರದ ಮರದಲ್ಲಿ ಹಣ್ಣು ಹುಡುಕಿದ್ದು. ಗುರುವಾರ, ಲೋಕದ ಕಡೇ ದಿನ ಯಾವಾಗ ಎಂದು ತನಗೂ ಗೊತ್ತಿಲ್ಲ ಎಂದದ್ದು.

ಗುರುವಾರ ಸಟ್ಟುಗ ಅರ್ಧದಲ್ಲಿ ನಿಂತಿತು.

"ಎಂತ ಸುಂದರ, ನಾಲ್ಕು ದಿನದಿಂದ ಒಂದೇ ಗದ್ದೆ ಉಳ್ತಾ ಇದ್ದಿ?"

"ವಚನ ತಪ್ಪಿತಾ ಅಪ್ಪ?"

"ತಪ್ಪಲಿಲ್ಲ."

"ಹಾಗಾದ್ರೆ ಅನ್ನ ಹಾಕಿ."

"ಹಾಕ್ತೇನೆ. ನಿದ್ದೆ ಬಂತು, ಬಾಯಾರಿತು, ಹಸಿವಾಯ್ತು, ಗೊತ್ತಿಲ್ಲ. ಎಂತ ಹೇಳ್ಲಿಕ್ಕೆ ಹೊರಟದ್ದು ನೀನು? ಬಾಯಿ ಬಿಟ್ಟು ಹೇಳು."

"ನಾನು ಹೇಳುದಲ್ಲ, ಪುಸ್ತಕದಲ್ಲಿ ಉಂಟು. ದೇವರಿಗೆ ನಿದ್ದೆ ಬರ್ತದಾ? ದೇವರಿಗೆ ಗೊತ್ತಿಲ್ಲದ ದಿನ ಅಂತ ಉಂಟಾ?"

"ಅದೇ ದೋಣಿಯಲ್ಲಿ ಎದ್ದು ಸಮುದ್ರಕ್ಕೆ ಬಾಯಿ ಮುಚ್ಚು ಅಂದದ್ದು ಯಾರು? ನಿನ್ನ ಪ್ರೆಸ್ಸಿನ ಧಣಿಯಾ?"

"ಮೋಶೆ ಸಮುದ್ರವನ್ನೇ ಸೀಳಿದ. ಅವನನ್ನು ದೇವರು ಅಂತೇವಾ?"

"ಮೋಶೆ ಬೇಡಿಕೊಂಡ. ಈತ ಆಜ್ಞೆ ಕೊಟ್ಟ. ಬೇಡುವವನಿಗೂ ಆಜ್ಞೆ ಕೊಡುವವನಿಗೂ ವ್ಯತ್ಯಾಸ ಗೊತ್ತಾಗುದಿಲ್ವಾ ನಿನಗೆ?"

"ತೋಟದಲ್ಲಿ ಮೊಣಕಾಲೂರಿ ರಕ್ತದ ಬೆವರು ಸುರಿಸಿ ಬೇಡಿದ್ದೂ ಈತನೇ ಅಲ್ವಾ ಅಪ್ಪ? ಯಾರ ಹತ್ತಿರ ಬೇಡಿದ್ದು? ತನ್ನ ಹತ್ತಿರವೇ?"

ಊರ್ಮಿಳಾ ನಡುವೆ ಬಾಯಿ ಹಾಕಿದಳು. "ಅಜ್ಜ, ಸಾರು ತಣಿತಾ ಉಂಟು."

"ತಣಿಯಲಿ" ಎಂದರು ಉಪದೇಶಿಗಳು. ಆದರೆ ವಚನ ಸರಿಯಾಗಿತ್ತು, ಪದ್ಧತಿ ಪದ್ಧತಿಯೇ. ಸಟ್ಟುಗ ಮಗನ ಬಟ್ಟಲಿಗೆ ಮಗುಚಿತು; ಅನ್ನ ಅರ್ಧ ಬಟ್ಟಲಿಗೆ, ಅರ್ಧ ನೆಲಕ್ಕೆ ಬಿತ್ತು. "ಸೀಸದ ಮೊಳೆ ಜೋಡಿಸಿ ಜೋಡಿಸಿ ಅದನ್ನೇ ನುಂಗಿ ಬಂದಿದ್ದಿ" ಎಂದರು.

ನೆಲದ ಅನ್ನವನ್ನು ಲೂದ್ಯ ಬಳಿದು ತೆಗೆದಳು.

ಹಗಲಲ್ಲಿ ಅವಳು ಜಗಲಿಯಲ್ಲಿ ಕೂತು ಬೀಡಿ ಕಟ್ಟುವಾಗ ಬೇಲಿಯಾಚೆಯ ಆಯಿಶಮ್ಮನೂ ಬೀಡಿಯೆಲೆ ತುಂಬಿದ ತನ್ನ ತಡ್ಪೆ ಎತ್ತಿಕೊಂಡು ಬರುವುದುಂಟು. ಗಂಡ ತೀರಿಹೋಗಿ ಮೂರು ಆಡು ಸಾಕಿಕೊಂಡಿದ್ದ ಹೆಂಗಸು. ಬಾಯಿಗೆ ಬಿಡುವಿಲ್ಲ.

"ಎಂತ ಲೂದ್ಯಕ್ಕ, ದಿನಾ ಸಂಜೆ ಬೊಬ್ಬೆ ಕೇಳ್ತದೆ ನಿಮ್ಮಲ್ಲಿ? ಜಾಗದ ತಕರಾರಾ?"

"ಜಾಗದ್ದಲ್ಲ ಆಯಿಶಮ್ಮ. ಯೇಸು ದೇವರಾ ಮನುಷ್ಯನಾ ಅಂತ."

ಆಯಿಶಮ್ಮ ಎಲೆ ಕತ್ತರಿಸುವುದನ್ನು ನಿಲ್ಲಿಸಿದಳು. "ಈಸಾ ನಬಿಯವರಾ? ಅವರು ನಮಗೂ ದೊಡ್ಡವರೇ. ತಂದೆ ಇಲ್ಲದೆ ಹುಟ್ಟಿದವರು, ಸತ್ತವರನ್ನು ಎಬ್ಬಿಸಿದವರು. ಆದ್ರೆ ಎಲ್ಲ ಹುಟ್ಟಿಸಿದವನು ಒಬ್ಬನೇ ಅಲ್ವಾ ಮಾರಾಯ್ತಿ? ಅವನ ಜಾಗದಲ್ಲಿ ಯಾರನ್ನೂ ಕೂರಿಸ್ಲಿಕ್ಕಿಲ್ಲ."

"ನಮ್ಮಲ್ಲಿ ಹಾಗೆ ಹೇಳಿದ್ರೆ ಅನ್ನ ಇಲ್ಲ."

"ನಮ್ಮಲ್ಲಿ ಹಾಗೆ ಹೇಳದಿದ್ರೆ ಇಲ್ಲ" ಎಂದು ಆಯಿಶಮ್ಮ ತಡ್ಪೆ ಅಲುಗುವಷ್ಟು ನಕ್ಕಳು. ಲೂದ್ಯಳಿಗೂ ನಗು ಬಂತು. ಒಳಗೆ ಬೆಂಚಿನ ಮೇಲೆ ಮಲಗಿದ್ದ ಉಪದೇಶಿಗಳಿಗೆ ನಿದ್ದೆ ಬಂದಿರಲಿಲ್ಲ.

ಅಂದು ಸಂಜೆ ಪ್ರಾರ್ಥನೆ ಮುಗಿದದ್ದೇ ಅವರು ಹೇಳಿದರು: "ಇವತ್ತಿನಿಂದ ವಚನ ಒಂದೇ ಸಾಲುದಿಲ್ಲ. ವಚನ ಆದ ಮೇಲೆ, ಯೇಸು ಕ್ರಿಸ್ತನು ದೇವರು ಅಂತ ಹೇಳ್ಬೇಕು. ಹೇಳಿದವರಿಗೆ ಅನ್ನ. ಹೇಳದವರು ಬೇಲಿ ದಾಟಿ ಹೋಗಬಹುದು, ಅಲ್ಲಿ ಅವರ ಪಂಗಡದವರು ನಗ್ತಾ ಕೂತಿದ್ದಾರೆ."

ಊರ್ಮಿಳಾ ಹೇಳಿದಳು. ಲೂದ್ಯ ಹೇಳಿದಳು, ಅವಳಿಗೆ ಅದರಲ್ಲಿ ಎಂದೂ ಸಂಶಯ ಇರಲಿಲ್ಲ. ಸುಂದರ ವಚನ ಹೇಳಿದ, ನಂತರ ಸುಮ್ಮನೆ ಕೂತ. ಸಟ್ಟುಗ ಅವನನ್ನು ದಾಟಿತು. ಬೆಳೆದು ನಿಂತ ಮಗಳೆದುರು ನಲವತ್ತೈದರ ಗಂಡಸು ಖಾಲಿ ಬಟ್ಟಲಿನ ಮುಂದೆ ಉಳಿದವರ ಊಟ ಮುಗಿಯುವವರೆಗೆ ಕಾದ. ಮುಗಿಯದೆ ಏಳುವಂತಿಲ್ಲ, ಅದೂ ಪದ್ಧತಿಯೇ.

ಲೂದ್ಯ ಒಂದು ಮುಷ್ಟಿ ಅನ್ನ ಹೆಚ್ಚು ಹಾಕಿ ಬೇಯಿಸತೊಡಗಿದಳು, ಎಲ್ಲ ಮುಗಿದ ಮೇಲೆ ಗಂಡನಿಗೆ ಕೊಡಲಿಕ್ಕೆಂದು. ಎರಡೇ ದಿನದಲ್ಲಿ ಮಾವನಿಗೆ ತಿಳಿಯಿತು. ಮೂರನೆಯ ಸಂಜೆ ಉಳಿದ ಅನ್ನವನ್ನು ಪಾತ್ರೆ ಸಮೇತ ತಾವೇ ಎತ್ತಿಕೊಂಡು ಹೋಗಿ ಬೇಲಿಯ ಮೇಲಿಂದ ಆಯಿಶಮ್ಮನ ಆಡುಗಳಿಗೆ ಸುರಿದು ಬಂದರು. ಅಂದಿನಿಂದ ದಿನವೂ ಅದೇ.

"ಆಡಿಗೆ ವಚನ ಬರ್ತದಾ ಅಪ್ಪ?" ಎಂದು ಸುಂದರ ಕೇಳಿದ.

"ಆಡು ದೇವರನ್ನು ಇಲ್ಲ ಅಂತ ಹೇಳುದಿಲ್ಲ."

"ಮಾವ, ಇವರು ಬೆಳಿಗ್ಗೆಯಿಂದ ನಿಂತು ಕೆಲಸ ಮಾಡಿ ಬಂದದ್ದು" ಎಂದಳು ಲೂದ್ಯ.

"ನಿನ್ನ ಮೊದಲ ಸಂಜೆ ನೆನಪುಂಟಾ ಲೂದ್ಯ? ಹಸಿದ ಮೇಲೆ ನೀನು ಕಲಿತೆಯೋ ಇಲ್ವೋ? ಇವನೂ ಕಲೀತಾನೆ."

ಸುಂದರ ಕಲಿಯಲಿಲ್ಲ. ಪ್ರೆಸ್ಸಿನ ಪಕ್ಕದ ಹೋಟೆಲಿನಲ್ಲಿ ಎರಡು ಗೋಳಿಬಜೆ ತಿಂದು, ಚಾ ಕುಡಿದು ಮನೆಗೆ ಬಂದು, ಖಾಲಿ ಬಟ್ಟಲೆದುರು ಕೂರುವುದನ್ನು ಅಭ್ಯಾಸ ಮಾಡಿಕೊಂಡ.

ಹೀಗಿರುವಾಗ ಊರ್ಮಿಳಾಳಿಗೆ ಸಂಬಂಧ ಬಂತು. ಕಡಬದ ಯೋಬ ಮಾಸ್ಟ್ರ ಮಗ, ಹುಡುಗನೂ ಮಾಸ್ಟ್ರೇ. ಹುಡುಗಿ ನೋಡಲು ಬಂದವರಿಗೆ ಮಧ್ಯಾಹ್ನದ ಊಟ, ಅಂದು ವಚನವೂ ಆಗಲೇ. ಲೂದ್ಯ ಕೋಳಿ ಕೊಯ್ಯಿಸಿದಳು, ರೊಟ್ಟಿ ಮಾಡಿದಳು; ಹಿಂದಿನ ದಿನವೇ ಗಂಡನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಹೇಳಿದ್ದಳು: "ನಿಮ್ಮ ತಲೆಯಲ್ಲಿ ಎಂತ ಬೇಕಾದ್ರೂ ಇಟ್ಟುಕೊಳ್ಳಿ. ಮದುವೆ ಮುಗಿಯುವವರೆಗೆ ಬಾಯಿಯಲ್ಲಿ ಬೇಡ. ನನ್ನ ಕಾಲ ಹೇಗೂ ಕಳೀತು. ಅವಳಿಗೆ ಈ ಚಾಪೆಯಿಂದ ಎದ್ದು ಹೋಗುವ ದಾರಿ ಇದೊಂದೇ."

"ಆಯ್ತು" ಎಂದಿದ್ದ ಸುಂದರ. ಮಾತು ಉಳಿಸಿಕೊಂಡ. ಬೆಟ್ಟಗಳ ಕಡೆ ಕಣ್ಣೆತ್ತಿ ನೋಡುವ ಒಂದು ಹಳೆಯ ಕೀರ್ತನೆಯ ಸಾಲು ಹೇಳಿದ. ಅತಿಥಿಗಳ ಎದುರು ಉಪದೇಶಿಗಳೂ ಹೊಸ ನಿಯಮದ ಮಾತು ತೆಗೆಯಲಿಲ್ಲ. ಹುಡುಗ ಒಂದು ಉದ್ದದ ಭಾಗವನ್ನು ಉಸಿರು ಬಿಡದೆ ಹೇಳಿದಾಗ ಅವನ ಬಟ್ಟಲಿಗೆ ಎರಡು ಸಟ್ಟುಗ ಅನ್ನ ಬಿತ್ತು.

"ಇಂಥ ಮನೆ ಈಗ ಎಲ್ಲುಂಟು ಮಾರಾಯ್ರೆ" ಎಂದು ಯೋಬ ಮಾಸ್ಟ್ರು ಬೆರಳು ನೆಕ್ಕಿದರು. ಬಾಗಿಲ ಹಿಂದೆ ಊರ್ಮಿಳಾ ಸೆರಗಿನ ತುದಿ ಕಚ್ಚಿಕೊಂಡು ನಗುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ಲೂದ್ಯ ಹಿಂದೆ ನೋಡಿರಲಿಲ್ಲ.

ಜನವರಿಗೆ ಮದುವೆ ಎಂದು ನಿಶ್ಚಯವಾಯಿತು. ಯೋಬ ಮಾಸ್ಟ್ರ ಹೆಂಡತಿ ಊರ್ಮಿಳಾಳ ಕೈಗೆ ಬಿಳಿ ರೇಷ್ಮೆ ಸೀರೆ ಕೊಟ್ಟು ಹಣೆಗೆ ಮುತ್ತಿಟ್ಟರು. ಇನ್ನು ಉಳಿದದ್ದು ಪ್ರಕಟಣೆ. ಮದುವೆಗೆ ಮೊದಲು ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ದೇವಾಲಯದಲ್ಲಿ ಓದಿ, ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ಎದ್ದು ಹೇಳಬೇಕು ಎಂದು ಸಭೆಯ ಪಾದ್ರಿ ಅಯ್ಯನವರು ಕೇಳುವುದು ಪದ್ಧತಿ. ಅಷ್ಟು ವರ್ಷದಲ್ಲಿ ಯಾರೂ ಎದ್ದದ್ದು ಲೂದ್ಯ ಕಂಡಿಲ್ಲ. ಆ ಪ್ರಶ್ನೆ ಮುಗಿಯುವ ಮೊದಲೇ ಮಕ್ಕಳು ಕಾಲು ಅಲ್ಲಾಡಿಸತೊಡಗುತ್ತಾರೆ.

ಮೊದಲ ಭಾನುವಾರದ ಹಿಂದಿನ ದಿನ ಅವಳು ಮಾವನ ಕಾಲಿಗೆ ಎಣ್ಣೆ ತಿಕ್ಕುತ್ತಾ ಮಾತು ತೆಗೆದಳು.

"ಮಾವ, ಇವರ ವಿಷಯ ನಮ್ಮ ಮನೆಯೊಳಗೇ ಇರಲಿ. ಊರ್ಮಿಳಾಳ ಮದುವೆ ಒಂದು ಆಗಿಹೋಗಲಿ."

"ಅವನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಮುಗೀತು."

"ಹೇಳದಿದ್ರೆ?"

"ಹೇಳ್ತಾನೆ. ಹೇಳಿಸುದು ನನಗೆ ಗೊತ್ತುಂಟು."

"ಅವಳು ನಿಮ್ಮ ಮೊಮ್ಮಗಳು ಮಾವ."

"ಅವಳಿಗೆ ಬೇರೆ ಹುಡುಗ ಸಿಗ್ತಾನೆ ಲೂದ್ಯ. ನನಗೆ ಬೇರೆ ರಕ್ಷಕ ಸಿಗುದಿಲ್ಲ. ಸ್ವಲ್ಪ ಹಿಮ್ಮಡಿಗೆ ತಿಕ್ಕು."

ಅವಳು ಹಿಮ್ಮಡಿಗೆ ತಿಕ್ಕಿದಳು.

ಮೊದಲ ಭಾನುವಾರ ಏನೂ ಆಗಲಿಲ್ಲ. ಎರಡನೆಯ ಭಾನುವಾರ ಸಭೆಯೆಲ್ಲ ಎದ್ದು, ಯೇಸುವನ್ನು ದೇವರೆಂದು ಒಪ್ಪುವ ವಿಶ್ವಾಸಪ್ರಮಾಣ ಹೇಳುವಾಗ, ಮುಂದಿನ ಬೆಂಚಿನಲ್ಲಿದ್ದ ಉಪದೇಶಿಗಳು ಹಿಂದಕ್ಕೆ ತಿರುಗಿ ನಿಂತರು. ಎಲ್ಲರ ತುಟಿಗಳೂ ಅಲುಗುತ್ತಿದ್ದವು. ಸುಂದರ ನೆಲ ನೋಡುತ್ತಿದ್ದ. ಹೆಂಗಸರ ಸಾಲಿನಿಂದ ಲೂದ್ಯ ಇಬ್ಬರನ್ನೂ ನೋಡಿದಳು. ಅವಳ ಬಾಯಲ್ಲಿದ್ದ ವಾಕ್ಯ ಅಲ್ಲೇ ತುಂಡಾಯಿತು.

ಅಯ್ಯನವರು ಹೆಸರುಗಳನ್ನು ಓದಿದರು. ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ಎಂದರು.

"ಅಡ್ಡಿ ಉಂಟು" ಎಂದು ಉಪದೇಶಿಗಳು ಎದ್ದರು.

ಯೋಬ ಮಾಸ್ಟ್ರು ಅಂದು ಕಡಬದಿಂದ ಬಂದು ಮೂರನೆಯ ಬೆಂಚಿನಲ್ಲೇ ಕೂತಿದ್ದರು.

"ಹುಡುಗಿಯ ತಂದೆ ಯೇಸು ಕ್ರಿಸ್ತನನ್ನು ದೇವರು ಅಂತ ಒಪ್ಪುದಿಲ್ಲ. ಬರೀ ಮನುಷ್ಯ ಅಂತಾನೆ. ಇಂಥವನು ಮಗಳ ಕೈ ಹಿಡಿದು ಈ ಬಲಿಪೀಠದ ಹತ್ತಿರ ಬರಬಹುದಾ? ಸಭೆ ಹೇಳಲಿ."

ಅಯ್ಯನವರು ಪುಸ್ತಕ ಮಡಚಿದರು. "ಉಪದೇಶಿಗಳೇ, ಇದನ್ನು ಆಮೇಲೆ ಕೂತು ಮಾತಾಡುವ."

"ಎಲ್ಲರೆದುರು ಕೇಳಿದ್ದು ನೀವು. ಎಲ್ಲರೆದುರೇ ಹೇಳಿದ್ದೇನೆ. ಅವನು ಇಲ್ಲೇ ಇದ್ದಾನೆ. ಕೇಳಿ."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಊರ್ಮಿಳಾ ಪಕ್ಕದಲ್ಲಿ ಲೂದ್ಯಳ ಮಣಿಕಟ್ಟನ್ನು ಉಗುರು ಊರುವಂತೆ ಹಿಡಿದಿದ್ದಳು. ಸುಂದರ ಎದ್ದ. ಮೊಳೆಯ ಮಸಿ ಹಿಡಿದ ಬೆರಳುಗಳನ್ನು ಷರ್ಟಿಗೆ ಒರಸಿಕೊಂಡ. ಮಗಳನ್ನು ಒಮ್ಮೆ ನೋಡಿದ.

"ಯೇಸು ಕ್ರಿಸ್ತನು ದೇವರು" ಎಂದ.

ಅಯ್ಯನವರ ಮುಖ ಸಡಿಲಾಯಿತು. "ಆಯ್ತಲ್ಲ ಉಪದೇಶಿಗಳೇ..."

"ಜೋರಾಗಿ ಹೇಳಲಿ. ಹಿಂದಿನವರಿಗೆ ಕೇಳಲಿಲ್ಲ."

"ಯೇಸು ಕ್ರಿಸ್ತನು ದೇವರು!"

"ಇನ್ನೊಮ್ಮೆ."

ಸುಂದರ ಮೂರನೆಯ ಸಲವೂ ಹೇಳಿದ. ಸ್ವರ ಒಡೆದಿತ್ತು. ಎಂಟು ವಾರ ಖಾಲಿ ಬಟ್ಟಲಿನ ಮುಂದೆ ಕೂತರೂ ಹೇಳದ ಮಾತು ಅದು. ಉಪದೇಶಿಗಳು ಅವನನ್ನು ಮೇಲಿಂದ ಕೆಳಗೆ ನೋಡಿ ಸಭೆಯ ಕಡೆ ತಿರುಗಿದರು.

"ಕೇಳಿದ್ರಲ್ಲ? ಇದು ನಂಬಿ ಹೇಳಿದ್ದಲ್ಲ. ಮಗಳ ಮದುವೆಗಾಗಿ ಹೇಳಿದ್ದು. ಮೊದಲು ಬರೀ ತಪ್ಪು ಇತ್ತು. ಈಗ ದೇವಾಲಯದಲ್ಲಿ ನಿಂತು ಸುಳ್ಳನ್ನೂ ಹೇಳಿದ. ನನ್ನ ಅಡ್ಡಿ ಹಾಗೇ ಉಂಟು."

ಯೋಬ ಮಾಸ್ಟ್ರು ಕೊಡೆ ಎತ್ತಿಕೊಂಡು ಕೊನೆಯ ಸಂಗೀತಕ್ಕೆ ಕಾಯದೆ ಹೊರಗೆ ಹೋದರು.

ಬುಧವಾರ ಅವರು ಕಡಬದ ಬಸ್ಸಿನಲ್ಲಿ ಬಂದು ಜಗಲಿಯಲ್ಲಿ ಅರ್ಧ ಲೋಟ ನೀರು ಕುಡಿದರು. "ನಮಗೆ ಹುಡುಗಿಯ ಮೇಲೆ ಎಂತ ಇಲ್ಲ ಲೂದ್ಯಮ್ಮ. ಅಯ್ಯನವರೂ ಹೇಳಿದ್ರು, ಮುಂದುವರಿಸಬಹುದು ಅಂತ. ಆದ್ರೆ ಸ್ವಂತ ಅಜ್ಜನೇ ಎದ್ದು ನಿಂತ ಮೇಲೆ... ನಾಳೆ ನಮ್ಮ ಮಕ್ಕಳ ಮಕ್ಕಳಿಗೂ ಜನ ಕೇಳ್ತಾರೆ."

ಊರ್ಮಿಳಾ ಒಳಗಿಂದ ಬಿಳಿ ಸೀರೆ ತಂದು ಬೆಂಚಿನ ಮೇಲಿಟ್ಟಳು. ಮಡಿಕೆ ಬಿಚ್ಚಿರಲಿಲ್ಲ.

ಅಂದು ಸಂಜೆ ಅಪ್ಪ ಮಗನ ಜಗಳ ನಡೆಯಿತು. "ಸುಳ್ಳು ಹೇಳಿದವನು ನಾನು. ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಯಾರು?" ಎಂದ ಸುಂದರ. "ಯೇಸುವನ್ನು ಗೊತ್ತೇ ಇಲ್ಲ ಅಂತ ಮೂರು ಸಲ ಸುಳ್ಳು ಹೇಳ್ಲಿಕ್ಕೆ ಪೇತ್ರನನ್ನು ಎಬ್ಬಿಸಿದ್ದು ಕೋಳಿಯಾ?" ಎಂದರು ಉಪದೇಶಿಗಳು. ಊರ್ಮಿಳಾ ತನ್ನ ವಚನವನ್ನು ಒಂದು ಅಕ್ಷರ ತಪ್ಪದೆ ಹೇಳಿ, ಯೇಸು ಕ್ರಿಸ್ತನು ದೇವರು ಎಂದೂ ಹೇಳಿ, ಬಟ್ಟಲಿಗೆ ಬಿದ್ದ ಅನ್ನವನ್ನು ಮುಟ್ಟದೆ ಎದ್ದು ಹೋದಳು. ಊಟ ಮುಗಿಯುವ ಮೊದಲು ಆ ಚಾಪೆಯಿಂದ ಎದ್ದವರಲ್ಲಿ ಅವಳೇ ಮೊದಲು. ಮುಂದಿನ ವಾರ ಸುಳ್ಯಕ್ಕೆ, ಸೋದರಮಾವನ ಮನೆಗೆ ಹೊರಟಳು. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಕ್ಕಿತು. ಬಸ್ಸು ಹತ್ತುವಾಗ ಲೂದ್ಯ, "ವಚನ ಹೇಳುದು ಬಿಡಬೇಡ" ಎಂದಳು. ಊರ್ಮಿಳಾ ಚೀಲವನ್ನು ಮಡಿಲಿಗೆ ಎಳೆದುಕೊಂಡು ಕೂತಳು.

ಫೆಬ್ರವರಿಯ ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದ ಉಪದೇಶಿಗಳು ಹಾಗೇ ಕುಸಿದರು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಒಂದು ಕಡೆಗೆ ಎಳೆಯಿತು, ಮಾತು ನಿಂತಿತು. ಡಾಕ್ಟರು ನೋಡಿ, ಬುದ್ಧಿ ಸರಿ ಉಂಟು, ಹೇಳಿದ್ದೆಲ್ಲ ಗೊತ್ತಾಗ್ತದೆ, ನಾಲಗೆ ಮಾತ್ರ ಬರಲಿಕ್ಕಿಲ್ಲ ಎಂದರು.

ಲೂದ್ಯ ಅವರನ್ನು ಮಗುವಿನ ಹಾಗೆ ನೋಡಿಕೊಂಡಳು. ಮೈ ಒರಸಿದಳು, ಬಟ್ಟೆ ಬದಲಿಸಿದಳು, ಗೋಡೆಗೆ ಒರಗಿಸಿ ಕೂರಿಸಿ ಗಂಜಿ ಹನಿಸಿದಳು. ಸಟ್ಟುಗ ಅವಳ ಕೈಗೆ ಬಂತು. ವಚನ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸುಂದರ ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಸಂಜೆಯ ಅನ್ನ ಉಂಡ. ನೋಡಲು ಬಂದ ಅಯ್ಯನವರು, "ಲೂದ್ಯಮ್ಮ, ಮೊನ್ನೆ ಪ್ರಸಂಗದಲ್ಲಿ ನಿಮ್ಮದೇ ಉದಾಹರಣೆ ಕೊಟ್ಟೆ" ಎಂದರು. ಅವಳು ಚಾ ತಂದಿಟ್ಟು ತಲೆ ಬಗ್ಗಿಸಿ ನಿಂತಳು.

ಮಾರ್ಚಿನಲ್ಲಿ ಸುಳ್ಯದಿಂದ ಊರ್ಮಿಳಾಳ ಕಾಗದ ಬಂತು. ಈಸ್ಟರಿಗೆ ಬರುವುದಿಲ್ಲ ಎಂದು ಬರೆದಿದ್ದಳು. ಅದರ ಕೆಳಗೆ: "ಕಡಬದ ಹುಡುಗನಿಗೆ ಇಲ್ಲಿಯದೇ ಹುಡುಗಿ ನಿಶ್ಚಯವಾಗಿದೆ. ಮೂರು ಭಾನುವಾರವೂ ಹೆಸರು ಓದುವಾಗ ನಾನು ದೇವಾಲಯದಲ್ಲೇ ಇದ್ದೆ. ಅಡ್ಡಿ ಇದ್ದರೆ ಹೇಳಿ ಎಂದು ಕೇಳಿದರು. ಯಾರೂ ಏಳಲಿಲ್ಲ, ಅಮ್ಮ."

ಲೂದ್ಯ ಕಾಗದವನ್ನು ಎರಡು ಸಲ ಓದಿ ಅಕ್ಕಿಯ ಡಬ್ಬಿಯ ಕೆಳಗಿಟ್ಟಳು. ಉಳಿದ ಬೀಡಿ ಕಟ್ಟಿ ಮುಗಿಸಿದಳು. ಬಂಗುಡೆ ಸಾರು ಮಾಡಿದಳು. ಕುಚ್ಚಲಕ್ಕಿ ಅನ್ನವನ್ನು ಮಾವ ನುಂಗುವಷ್ಟು ಮೆತ್ತಗೆ ಬೇಯಿಸಿದಳು. ಏಳು ಗಂಟೆಗೆ ಚಾಪೆ ಹಾಸಿ ಮೂರು ಖಾಲಿ ಬಟ್ಟಲಿಟ್ಟಳು. ಉಪದೇಶಿಗಳನ್ನು ಸುಂದರನೊಡನೆ ಹಿಡಿದು ತಂದು ಗೋಡೆಗೆ ಒರಗಿಸಿದಳು. ಪಾತ್ರೆ ತನ್ನ ಬಲಕ್ಕೆ, ಅದರ ಮೇಲೆ ಸಟ್ಟುಗ ಅಡ್ಡ.

"ಇವತ್ತಿನಿಂದ ವಚನ ಉಂಟು" ಎಂದಳು.

ಸುಂದರ ಅವಳ ಮುಖ ನೋಡಿದ. "ಎಂತಕ್ಕೆ ಈಗ ಅದು?"

"ಪದ್ಧತಿ ನಿಲ್ಲಬಾರದು. ನೀವು ಹೇಳಿ."

ಅವನು ಬಾಯಿಗೆ ಬಂದ ಒಂದನ್ನು ಹೇಳಿದ. ಅನ್ನ ಬಿತ್ತು. ಯೇಸು ಯಾರು ಎಂದು ಅವಳು ಕೇಳಲಿಲ್ಲ. ತಾನೂ ಒಂದು ಹೇಳಿ ತನ್ನ ಬಟ್ಟಲಿಗೆ ಹಾಕಿಕೊಂಡಳು. ಸಟ್ಟುಗ ತುಂಬಿ ಎತ್ತಿದಳು. ಅನ್ನದ ಹಬೆ ಮುದುಕನ ಮೂಗಿನ ಹತ್ತಿರ ಹೋಯಿತು.

"ಮಾವ, ನಿಮ್ಮ ಸರದಿ."

ಉಪದೇಶಿಗಳ ಬಾಯಿ ತೆರೆಯಿತು. ಗಂಟಲಲ್ಲಿ ಏನೋ ಉರುಳಿ ಗೊರಗೊರ ಎಂದು ಸದ್ದಾಯಿತು. ಎಡಗೈ ಎದ್ದು ಸಟ್ಟುಗದ ಕಡೆ ಚಾಚಿತು. ಲೂದ್ಯ ಸಟ್ಟುಗವನ್ನು ಅಷ್ಟೇ ಹಿಂದಕ್ಕೆ ತೆಗೆದಳು.

"ನಿಧಾನ ಹೇಳಿ ಮಾವ. ಸಾವಿರ ವಚನ ಗೊತ್ತುಂಟಲ್ಲ ನಿಮಗೆ."

"ಲೂದ್ಯ" ಎಂದ ಸುಂದರ.

"ನೀವು ಉಣ್ಣಿ. ನನ್ನ ಮೊದಲ ಸಂಜೆ ಉಂಡ ಹಾಗೆ, ತಲೆ ಬಗ್ಗಿಸಿ."

ಮುದುಕ ಮತ್ತೆ ಪ್ರಯತ್ನಿಸಿದರು. ನಾಲಗೆ ಹಲ್ಲಿಗೆ ತಾಗಿ ಮಡಚಿತು. ಜೊಲ್ಲು ಗಡ್ಡಕ್ಕಿಳಿಯಿತು. ಕಡಬದಲ್ಲಿ, ಪಂಜದಲ್ಲಿ, ನಾಯಿ ಬಿಟ್ಟವರ ಅಂಗಳದಲ್ಲಿ ಎಂದೂ ಸೋಲದ ಸ್ವರ ಕರುವಿನ ಸ್ವರದ ಹಾಗೆ ಹೊರಬಂದು ನಿಂತಿತು. ಅವರು ಅನ್ನವನ್ನು ನೋಡಿದರು. ಮಗನನ್ನು ನೋಡಿದರು. ನಂತರ ಅವರ ಸರಿಯಿದ್ದ ಎಡಗಣ್ಣು ತುಂಬಿತು, ಎಳೆದುಹೋದ ಬಲಗಣ್ಣೂ ತುಂಬಿತು, ಎರಡೂ ಒಟ್ಟಿಗೆ ಕೆನ್ನೆಯ ಮೇಲೆ ಹರಿದವು.

ಸುಂದರ ಬಟ್ಟಲು ದೂಡಿದ. "ನೋಡು, ಅಪ್ಪ ಹೇಳಿ ಆಯ್ತು. ಇಡೀ ಪುಸ್ತಕದಲ್ಲಿ ಎಲ್ಲದಕ್ಕಿಂತ ಚಿಕ್ಕದು, ಎರಡೇ ಪದದ್ದು. ಅಳುದನ್ನು ಬಾಯಿಂದ ಬೇರೆ ಹೇಳ್ಬೇಕಾ? ಬಡಿಸು ಲೂದ್ಯ."

ಲೂದ್ಯ ಸೆರಗಿನ ತುದಿಯಿಂದ ಮಾವನ ಕೆನ್ನೆಯನ್ನೂ ಗಡ್ಡವನ್ನೂ ಚೆನ್ನಾಗಿ ಒರಸಿದಳು.

"ಆ ವಚನ ಈ ಮನೆಯಲ್ಲಿ ನಡೆಯುದಿಲ್ಲ" ಎಂದಳು.

ಸಟ್ಟುಗವನ್ನು ಪಾತ್ರೆಯೊಳಗೆ ಮಗುಚಿ, ಪಾತ್ರೆಯನ್ನು ಸೊಂಟಕ್ಕೇರಿಸಿ ಎದ್ದಳು. ಊಟ ಮುಗಿಯದೆ ಏಳಬಾರದು ಎಂದು ಹೇಳುವವರು ಯಾರೂ ಇರಲಿಲ್ಲ. ಹಿಂಬಾಗಿಲಿನಿಂದ ಅಂಗಳ ದಾಟಿದಳು. ಬೇಲಿಯಾಚೆ ಆಯಿಶಮ್ಮ ಲಾಟೀನಿನ ಗಾಜು ಒರಸುತ್ತಿದ್ದಳು.

"ಎಂತ ಲೂದ್ಯಕ್ಕ, ಇವತ್ತು ಬೇಗ ಆಯ್ತಾ ಊಟ?"

"ಆಯ್ತು ಆಯಿಶಮ್ಮ" ಎಂದಳು ಲೂದ್ಯ. "ಆಡು ಕಟ್ಟಿದ್ದೀರಾ, ಬಿಟ್ಟಿದ್ದೀರಾ?"